ಯಾರ ಮೈಮೇಲೆ ಕಲಿಯುವುದು?

ಯಾವ ವಿದ್ಯೆಯೇ ಆಗಲಿ, ಅದನ್ನು ಕಲಿಯುವವನು ಮೊದಮೊದಲು ಯಾರಿಗಾದರೂ ತೊಂದರೆ ಕೊಟ್ಟೇ ಕಲಿಯುತ್ತಾನೆ. ಅಡಿಗೆ ಕಲಿಯುವವಳ ಮೊದಲ ಸಾರನ್ನು ಮನೆಯವರು ಮುಖ ಸಿಂಡರಿಸದೆ ಉಣ್ಣಬೇಕು. ಚಂಡೆ ಕಲಿಯುವ ಹುಡುಗನ ಮೊದಲ ವರ್ಷವನ್ನು ನೆರೆಹೊರೆಯವರು ಸಹಿಸಬೇಕು. ನಾನು ಪಾಠ ಹೇಳಲು ತೊಡಗಿದ ವರ್ಷ ನನ್ನ ಮುಂದೆ ಕುಳಿತಿದ್ದ ವಿದ್ಯಾರ್ಥಿಗಳಿಗೆ ನಾನು ಇಂದಿಗೂ ಋಣಿಯಾಗಿದ್ದೇನೆ. ಹಳಗನ್ನಡ ಪದ್ಯವೊಂದರ ಅನ್ವಯವನ್ನು ತಲೆಕೆಳಗು ಮಾಡಿ ಹೇಳಿ ಮರುದಿನ ತಿದ್ದಿಕೊಂಡದ್ದುಂಟು. ಪದ್ಯಕ್ಕೇನೂ ಆಗಲಿಲ್ಲ, ಸಾವಿರ ವರ್ಷ ಬಾಳಿದ ಕವಿ ನನ್ನ ಕೈಯಲ್ಲಿ ಸಾಯುವವನೂ ಅಲ್ಲ. ಆದರೆ ಮರುದಿನ ತಿದ್ದಿಕೊಳ್ಳಲು ಬಾರದ ವಿದ್ಯೆಗಳೂ ಲೋಕದಲ್ಲಿವೆ. ಶಸ್ತ್ರವೈದ್ಯ ಅಂಥದೊಂದು.

ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಚಿರೇಕಲ್ಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಮುಂಗೈ ಸೀಳಿಕೊಂಡೆ. ಹತ್ತಿರದ ದವಾಖಾನೆಗೆ ಹೋದಾಗ ರಾತ್ರಿಯಾಗಿತ್ತು. ಇದ್ದವರು ಒಬ್ಬ ಎಳೆಯ ಡಾಕ್ಟರು. ನನ್ನ ವಿದ್ಯಾರ್ಥಿಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದಾರು. ಸೂಜಿ ಹಿಡಿದ ಅವರ ಕೈ ನಡುಗುತ್ತಿತ್ತು. ನಡುನಡುವೆ ನರ್ಸಮ್ಮನನ್ನು ಪಿಸುದನಿಯಲ್ಲಿ ಏನೋ ಕೇಳುತ್ತಿದ್ದರು. ಹಾಕಿದ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಮತ್ತೆ ಹಾಕಿದರು. ನನಗೆ ನೋವಿಗಿಂತ ಸಿಟ್ಟು ಹೆಚ್ಚಾಯಿತು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಗೊಣಗಿದೆ. ಪಕ್ಕದಲ್ಲಿ ಶರಾವತಿಯ ದಂಡೆಯ ಹಳ್ಳಿಯಿಂದ ಬಂದಿದ್ದ ಒಬ್ಬ ಮುದುಕರು ಕುಳಿತಿದ್ದರು. ಅವರು ನಿಧಾನವಾಗಿ ಹೇಳಿದರು: “ಇರಲಿ ಮಾಸ್ತರೇ. ಅವರೂ ಕಲೀಬೇಕಲ್ಲ. ಕಲಿಯೂಕೆ ಯಾರದೋ ಒಂದು ಮೈ ಬೇಕಲ್ಲ.”

ಆ ಮಾತು ನನ್ನ ಸಿಟ್ಟನ್ನು ಇಳಿಸಿತು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳನ್ನೂ ಬಿಟ್ಟುಹೋಯಿತು. ಯಾರದೋ ಒಂದು ಮೈ ಎಂದರೆ ಯಾರ ಮೈ?

ಉತ್ತರ ಎಲ್ಲರಿಗೂ ಗೊತ್ತಿದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಉಳ್ಳವನು ನುರಿತ ವೈದ್ಯನನ್ನು ಹೆಸರು ಹಿಡಿದು ಹುಡುಕಿಕೊಂಡು ಹೋಗುತ್ತಾನೆ. ಇಲ್ಲದವನು ಆ ಹೊತ್ತಿಗೆ ಯಾರಿದ್ದಾರೋ ಅವರ ಕೈಗೆ ಮೈಯೊಪ್ಪಿಸುತ್ತಾನೆ. ಧರ್ಮಾಸ್ಪತ್ರೆಯ ಸಾಮಾನ್ಯ ವಾರ್ಡಿನ ರೋಗಿಯೇ ವೈದ್ಯವಿದ್ಯಾರ್ಥಿಯ ಪಾಠದ ಹಲಗೆಯಾಗಿ ಬಂದದ್ದು ಒಂದು ದೇಶದ ಕಥೆಯಲ್ಲ, ಎಲ್ಲ ದೇಶಗಳ ಕಥೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಕಲಿಯದೆ ವೈದ್ಯನಿಲ್ಲ, ಮೈಯಿಲ್ಲದೆ ಕಲಿಕೆಯಿಲ್ಲ. ಆದರೂ ಒಬ್ಬನ ಬಡತನವೇ ಇನ್ನೊಬ್ಬನ ಪಾಠಶಾಲೆಯಾಗುವುದನ್ನು ನ್ಯಾಯವೆನ್ನಲು ನಾಲಗೆ ಹೊರಳುವುದಿಲ್ಲ. ಹೆಚ್ಚಿನ ತಪ್ಪು ಇನ್ನೊಂದಿದೆ: ತಾನು ಪಾಠವಾಗುತ್ತಿದ್ದೇನೆಂಬುದು ಆ ರೋಗಿಗೆ ತಿಳಿದೇ ಇರುವುದಿಲ್ಲ. ಅವನನ್ನು ಯಾರೂ ಕೇಳಿರುವುದಿಲ್ಲ.

ಈ ಕಷ್ಟವನ್ನು ನಮ್ಮ ಹಿರಿಯರು ಬಹು ಹಿಂದೆಯೇ ಕಂಡಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ‘ಯೋಗ್ಯಾ’ ಎಂದರೆ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ. ಎಷ್ಟೇ ಓದಿದವನಾದರೂ ಕೈಪಳಗದವನು ಕರ್ಮಕ್ಕೆ ಅರ್ಹನಲ್ಲವೆಂಬುದು ಅಲ್ಲಿಯ ಮತ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು; ಸೀಳುವುದನ್ನು ಕೆಸರುನೀರು ತುಂಬಿದ ತೊಗಲಿನ ಚೀಲದ ಮೇಲೆ; ನಾಳಕ್ಕೆ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆಯ ದಂಟಿನ ಮೇಲೆ; ಹೊಲಿಯುವುದನ್ನು ಬಟ್ಟೆಯ ಮೇಲೆ, ಮೃದುವಾದ ಚರ್ಮದ ಮೇಲೆ. ಕಟ್ಟು ಕಟ್ಟುವುದನ್ನು ಕಲಿಯಲು ‘ಪುಸ್ತಮಯ ಪುರುಷ’ನಿದ್ದಾನೆ. ಅಂಗಾಂಗಗಳೆಲ್ಲ ಇರುವಂತೆ ಮಾಡಿದ ಮನುಷ್ಯಾಕಾರದ ಗೊಂಬೆಯೇ ಅವನು. ಇಂದಿನ ವೈದ್ಯಕೀಯ ಕಾಲೇಜುಗಳಲ್ಲಿ ಮನಿಕಿನ್ ಎಂದು ಕರೆಯುವ ಗೊಂಬೆಯ ಮುತ್ತಜ್ಜನೆಂದು ಇವನನ್ನು ಕರೆದರೆ ತಪ್ಪಾಗದು.

ಆ ವಂಶದಲ್ಲಿ ಬೇರೆ ಬೇರೆ ಕಡೆ ಮತ್ತೆ ಕೆಲವರು ಹುಟ್ಟಿದರು. ಫ್ರಾನ್ಸಿನ ಸೂಲಗಿತ್ತಿ ಮದಾಮ್ ದು ಕುದ್ರೆಗೆ 1759ರಲ್ಲಿ ಹದಿನೈದನೆಯ ಲೂಯಿ ದೊರೆಯ ಅಪ್ಪಣೆ ದೊರೆಯಿತು. ಬಟ್ಟೆಯ ಬಸುರಿಗೊಂಬೆಯೊಂದನ್ನು ಹೊತ್ತು ಊರೂರು ತಿರುಗಿ ಆಕೆ ಹಳ್ಳಿಯ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ನಾರ್ವೆಯ ಆಟಿಕೆ ತಯಾರಕ ಆಸ್‌ಮುಂಡ್ ಲೇರ್ಡಾಲ್ 1960ರಲ್ಲಿ ಉಸಿರೂಡುವುದನ್ನು ಕಲಿಸುವ ಗೊಂಬೆಯನ್ನು ತಂದ. ಪ್ಯಾರಿಸಿನ ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ಹುಡುಗಿಯೊಬ್ಬಳದೆಂದು ಹೇಳುವ ಮುಖದ ಅಚ್ಚನ್ನೇ ಅದಕ್ಕೆ ಇಟ್ಟ. ಯಾರೂ ಬದುಕಿಸದೆ ಹೋದ ಒಬ್ಬಳ ಮುಖವನ್ನು ನೋಡಿಕೊಂಡೇ ಲಕ್ಷಾಂತರ ಜನ ಬದುಕಿಸುವುದನ್ನು ಕಲಿತರು.

ಇಂದಿನ ಗೊಂಬೆ ಇನ್ನೂ ಮುಂದೆ ಹೋಗಿದೆ. ಅದರ ನಾಡಿ ಬಡಿಯುತ್ತದೆ, ಎದೆ ಏರಿಳಿಯುತ್ತದೆ, ಗಾಯದಿಂದ ಕೆಂಪುನೀರು ಹರಿಯುತ್ತದೆ. ಅಪಘಾತದಲ್ಲಿ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದಾಗ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡು ಹೃದಯವನ್ನೇ ಅದುಮುವುದುಂಟು. ಆಗ ಕೆಲವೇ ನಿಮಿಷಗಳಲ್ಲಿ ಪಕ್ಕೆಯಲ್ಲಿ ತೂತು ಮಾಡಿ ಗಾಳಿಯನ್ನು ಬಿಡಬೇಕು. ದವಡೆ ನುಗ್ಗಾಗಿ ಉಸಿರು ಕಟ್ಟಿದವನಿಗೆ ಗಂಟಲ ಮುಂಭಾಗದಲ್ಲಿ ಕೊಯ್ದು ನಳಿಗೆ ಇಳಿಸಬೇಕು. ಪುಸ್ತಕ ತೆರೆಯಲು ವೇಳೆಯಿಲ್ಲ, ಹಿರಿಯರಿಗೆ ಹೇಳಿಕಳಿಸಲು ವೇಳೆಯಿಲ್ಲ. ಇಂಥ ಪ್ರಸಂಗ ತರುಣ ವೈದ್ಯನೊಬ್ಬನಿಗೆ ವರ್ಷಕ್ಕೊಮ್ಮೆ ಬಂದರೂ ಹೆಚ್ಚು. ಬಂದಾಗ ಮಾತ್ರ ಕೈ ತಡೆಯಬಾರದು. ಅಪರೂಪಕ್ಕೆ ಬರುವುದನ್ನು ಅಭ್ಯಾಸ ಮಾಡುವುದು ಹೇಗೆ? ಗೊಂಬೆಯೊಂದೇ ಅದನ್ನು ಬೇಕೆಂದಾಗ, ಬೇಕೆಂದಷ್ಟು ಸಲ ಒದಗಿಸಬಲ್ಲುದು.

ಅಮೆರಿಕದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1976ರಲ್ಲಿ ಜೇಮ್ಸ್ ಸ್ಟೈನರ್ ಎಂಬ ಶಸ್ತ್ರವೈದ್ಯ ತನ್ನ ಸಂಸಾರದೊಡನೆ ಸಣ್ಣ ವಿಮಾನದಲ್ಲಿ ಹೋಗುತ್ತಿದ್ದಾಗ ಅದು ನೆಬ್ರಾಸ್ಕಾದ ಹೊಲವೊಂದರಲ್ಲಿ ಬಿತ್ತು. ಹೆಂಡತಿ ತೀರಿಕೊಂಡಳು, ಮಕ್ಕಳು ಗಾಯಗೊಂಡರು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಅವರಿಗೆ ದೊರೆತ ಆರೈಕೆ ಆತನ ಕಣ್ಣು ತೆರೆಸಿತು. ಕೊರತೆ ಮರುಕದ್ದಲ್ಲ, ತರಬೇತಿಯದು. ಅಲ್ಲಿಂದ ಹುಟ್ಟಿದ್ದೇ ಅಪಘಾತಕ್ಕೆ ಸಿಕ್ಕವರ ತುರ್ತು ಆರೈಕೆಯ ಶಿಕ್ಷಣಕ್ರಮ. ಇಂದು ಲೋಕದ ಅನೇಕ ದೇಶಗಳಲ್ಲಿ ಅದು ನಡೆಯುತ್ತದೆ. ಮೊದಲು ಜೀವಂತ ಪ್ರಾಣಿಗಳ ಮೇಲೆ ಕಲಿಸುತ್ತಿದ್ದುದನ್ನು ಈಗ ಬಹುಮಟ್ಟಿಗೆ ಗೊಂಬೆಗಳ ಮೇಲೆಯೇ ಕಲಿಸುತ್ತಾರೆ.

ನೆಬ್ರಾಸ್ಕಾ ದೂರವಿದೆ, ಆ ಸಂಕಟ ದೂರವಿಲ್ಲ. ಭಟಕಳ, ಹೊನ್ನಾವರ, ಕುಮಟೆಗಳಲ್ಲಿ ಇರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಿಕೆಮರದಿಂದ ಬಿದ್ದ ಕೊನೆಗೌಡ, ದೋಣಿಯಲ್ಲಿ ಕೈ ಸಿಕ್ಕಿಸಿಕೊಂಡ ಮೀನುಗಾರ, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ಹುಡುಗ, ಇವರೆಲ್ಲರ ಪಯಣವೂ ಕಡೆಗೆ ತೆಂಕಣಕ್ಕೇ. ಭಟಕಳದಿಂದ ಮಣಿಪಾಲ ಸುಮಾರು 90 ಕಿಲೋಮೀಟರು, ಕುಮಟೆಯಿಂದ ಸುಮಾರು 150. ಮುಂಬಯಿಯಲ್ಲಿ ಶಸ್ತ್ರವೈದ್ಯರೆಂದು ಹೆಸರಾದ ಡಾ. ಎ. ವಿ. ಬಾಳಿಗರ ನಾಮಧೇಯವನ್ನು ಹೊತ್ತ ಕಾಲೇಜು ಕುಮಟೆಯಲ್ಲಿದೆ; ಕಾರವಾರದಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆಯಿತು. ಆದರೂ ದಾರಿ ಸವೆಯಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಅಪ್ಪಳಿಸಿತು, ನಾಲ್ವರು ಸತ್ತರು. ದೊಡ್ಡ ಆಸ್ಪತ್ರೆ ಬೇಕೆಂಬ ಜಿಲ್ಲೆಯ ಹಳೆಯ ಕೂಗು ಆಗ ಬೀದಿಗೆ ಬಂತು.

ಆ ಕೂಗು ನ್ಯಾಯವಾದದ್ದು. ಅದರ ಜೊತೆಗೆ ನಾನು ಒಂದು ಮಾತನ್ನು ಸೇರಿಸುತ್ತೇನೆ. ಆಸ್ಪತ್ರೆ ಎಷ್ಟೇ ದೊಡ್ಡದಾಗಲಿ, ಮೊದಲ ಗಳಿಗೆಯಲ್ಲಿ ರೋಗಿಯ ಬಳಿ ಇರುವವರು ತಾಲ್ಲೂಕು ದವಾಖಾನೆಯ ಎಳೆಯ ಡಾಕ್ಟರು ಮತ್ತು ನರ್ಸಮ್ಮ. ಹೆದ್ದಾರಿಯ 150 ಕಿಲೋಮೀಟರನ್ನು ರೋಗಿ ಜೀವಂತವಾಗಿ ದಾಟುವುದು ಅವರ ಕೈಗುಣವನ್ನು ಅವಲಂಬಿಸಿದೆ. 2019ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮ ಕಾಲೇಜುಗಳಲ್ಲಿ ಕೈಪಳಗಿಸುವ ಪ್ರಯೋಗಶಾಲೆ ಇರಬೇಕೆಂದು ವಿಧಿಸಿತು. ಒಳ್ಳೆಯದು. ಆದರೆ ಕಾಲೇಜಿನಲ್ಲಿ ಒಮ್ಮೆ ಕಲಿತದ್ದು ಬಳಸದಿದ್ದರೆ ಮಾಸುತ್ತದೆ. ಗೊಂಬೆಗೂ ಮದಾಮ್ ದು ಕುದ್ರೆಯ ಗೊಂಬೆಯಂತೆ ಊರೂರು ತಿರುಗುವ ಅಭ್ಯಾಸವಾಗಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಡಾಕ್ಟರೇ ಇಲ್ಲದ ಕಡೆ ದುಬಾರಿ ಗೊಂಬೆ ಏತಕ್ಕೆ ಎನ್ನಬಹುದು. ಗೊಂಬೆ ಡಾಕ್ಟರಿಗೆ ಬದಲಾಗದು, ನಿಜ. ಗೊಂಬೆಯನ್ನು ತೋರಿಸಿ ಡಾಕ್ಟರರ ಹುದ್ದೆಯನ್ನು ಖಾಲಿ ಬಿಟ್ಟರೆ ಅದು ಮೋಸವೇ ಸರಿ. ಆದರೆ ಅಭ್ಯಾಸಕ್ಕೆಲ್ಲ ದುಬಾರಿ ಗೊಂಬೆಯೇ ಬೇಕಾಗಿಲ್ಲ. ಸುಶ್ರುತನಿಗೆ ಸೋರೆಕಾಯಿ ಸಾಕಾಗಿತ್ತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಗೊಂಬೆ ನರಳುವುದಿಲ್ಲ, ಅದಕ್ಕೆ ಹೊರಗೆ ಅಳುತ್ತ ಕುಳಿತ ಹೆಂಡತಿಯಿಲ್ಲ. ಅದು ಸತ್ತರೆ ಗುಂಡಿ ಒತ್ತಿ ಎಬ್ಬಿಸಬಹುದು. ನೂರು ಸಲ ಕೊಂದು ನೂರು ಸಲ ಎಬ್ಬಿಸಿದವನಿಗೆ ಸಾವು ಹಗುರವಾಗದೇ? ಈ ಭಯ ನನಗೂ ಇತ್ತು. ಈಗ ಅನಿಸುವುದು ಬೇರೆ. ಎಳೆಯ ಡಾಕ್ಟರು ಅಂದು ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಅವರಿಗೆ ಮರುಕವಿಲ್ಲವೆಂದಲ್ಲ, ಅವರ ಕಣ್ಣು ಮನಸ್ಸುಗಳೆಲ್ಲ ಸೂಜಿಯಲ್ಲಿ ಸೆರೆಯಾಗಿದ್ದವು. ಕೈ ಪಳಗಿದ್ದರೆ ಕಣ್ಣಿಗೆ ಬಿಡುವಾಗುತ್ತಿತ್ತು. ನಮ್ಮ ಯಕ್ಷಗಾನದ ಮೇಳಗಳಲ್ಲಿ ಹೆಜ್ಜೆ ಕಲಿತ ಹುಡುಗನನ್ನು ಒಮ್ಮೆಗೇ ಕರ್ಣಪಾತ್ರಕ್ಕೆ ನಿಲ್ಲಿಸುವುದಿಲ್ಲ. ಪೂರ್ವರಂಗದ ಕೋಡಂಗಿ, ಬಾಲಗೋಪಾಲರಿಂದ ಮೇಲೇರಿಸುತ್ತಾರೆ. ಹೆಜ್ಜೆಯನ್ನು ಕಾಲು ಮರೆತಾಗಲೇ ಭಾವ ಮುಖಕ್ಕೆ ಬರುತ್ತದೆ. ವೈದ್ಯನ ಮರುಕಕ್ಕೂ ಇದೇ ನಿಯಮವಿರಬೇಕು.

ಆದರೂ ಗೊಂಬೆ ಕಲಿಸಲಾರದ ಒಂದಂಶ ಉಳಿದೇ ಇದೆ. ನೂರು ಗೊಂಬೆಗಳಾದ ಮೇಲೂ ಮೊದಲನೆಯ ಮನುಷ್ಯನೊಬ್ಬ ಇದ್ದೇ ಇರುತ್ತಾನೆ. ಸುಶ್ರುತಸಂಹಿತೆ ಅಭ್ಯಾಸದ ಅಧ್ಯಾಯದ ಬೆನ್ನಿಗೇ, ವೈದ್ಯ ವೃತ್ತಿಗಿಳಿಯುವುದು ಹೇಗೆಂದು ಹೇಳುತ್ತದೆ. ಶಾಸ್ತ್ರವನ್ನು ಓದಿ ಅರ್ಥ ತಿಳಿದಿರಬೇಕು, ‘ದೃಷ್ಟಕರ್ಮ’ನಾಗಿರಬೇಕು ಎಂದರೆ ಹಿರಿಯರು ಮಾಡುವುದನ್ನು ಕಂಡಿರಬೇಕು, ‘ಕೃತಯೋಗ್ಯ’ನಾಗಿರಬೇಕು ಎಂದರೆ ಅಭ್ಯಾಸ ಮಾಡಿರಬೇಕು, ಕೊನೆಗೆ ರಾಜನ ಅನುಜ್ಞೆ ಪಡೆಯಬೇಕು. ಇಂದು ರಾಜನಿಲ್ಲ. ಅವನ ಸ್ಥಾನದಲ್ಲಿ ರೋಗಿಯೇ ಇದ್ದಾನೆಂದು ನಾನು ತಿಳಿಯುತ್ತೇನೆ. ಅವನಿಗೆ ಎಚ್ಚರವಿದ್ದರೆ ಅವನನ್ನು, ಇಲ್ಲವಾದರೆ ಅವನ ಮನೆಯವರನ್ನು ಒಂದು ಮಾತು ಕೇಳಬೇಕು. ಕೇಳಲೂ ವೇಳೆಯಿಲ್ಲದ ಗಳಿಗೆಗೆ ಉಳಿಯುವುದು ಒಂದೇ ಉತ್ತರ: ಈ ಗಳಿಗೆಗಾಗಿ ನಾನು ಮೊದಲೇ ಮಾಡಬಹುದಾದ ತಪ್ಪುಗಳನ್ನೆಲ್ಲ ನೋವರಿಯದ ಮೈಯ ಮೇಲೆ ಮಾಡಿ ಮುಗಿಸಿ ಬಂದಿದ್ದೇನೆ ಎಂದು ತನ್ನ ಮನಸ್ಸಿಗೆ ಹೇಳಿಕೊಳ್ಳುವಂತಿರಬೇಕು.

ನನ್ನ ಮುಂಗೈಯಲ್ಲಿ ಆ ಹೊಲಿಗೆಯ ಗುರುತು ಸೊಟ್ಟಗೆ ಇನ್ನೂ ಇದೆ. ಆ ಡಾಕ್ಟರ ಮೇಲೆ ಈಗ ಸಿಟ್ಟಿಲ್ಲ. ಅವರ ಕೈ ಇಷ್ಟರಲ್ಲಿ ನೆಟ್ಟಗಾಗಿರಬೇಕು, ಅದರಲ್ಲಿ ನನ್ನ ಪಾಲೂ ಸ್ವಲ್ಪವಿದೆ. ಶರಾವತಿಯ ದಂಡೆಯ ಆ ಮುದುಕರು ತಮ್ಮ ಮೈಯನ್ನು ಕೇಳುವ ಮೊದಲೇ ಕೊಡಲು ಸಿದ್ಧರಾಗಿದ್ದರು. ಅದು ಅವರ ದೊಡ್ಡತನ. ಅಂಥವರ ದೊಡ್ಡತನವನ್ನೇ ನಂಬಿ ಪಾಠಶಾಲೆ ನಡೆಸುವುದು ಮಾತ್ರ ನಮ್ಮ ಸಣ್ಣತನ.