ಗಾಳಿ ಬಿಸಿಲುಗಳ ರಾಶಿಯಲ್ಲಿ ಯಾರ ಪಾಲು?

ಭೂಮಿಗೆ ಒಡೆಯರಿದ್ದಾರೆ, ಬಾವಿಗೆ ಒಡೆಯರಿದ್ದಾರೆ. ಬೀಸುವ ಗಾಳಿಗೂ ಸುರಿಯುವ ಬಿಸಿಲಿಗೂ ಒಡೆಯರಿಲ್ಲ. ಇದು ಎಲ್ಲರೂ ಒಪ್ಪುವ ಮಾತು. ಆದರೆ ಒಡೆಯರಿಲ್ಲದ ವಸ್ತುವಿನಿಂದ ಆದಾಯವು ಹುಟ್ಟಿದಾಗ ಅದು ಯಾರಿಗೆ ಸಲ್ಲತಕ್ಕದ್ದು? ಬಹುಕಾಲ ಪಂಡಿತರ ಚರ್ಚೆಗೆ ಮೀಸಲಾಗಿದ್ದ ಈ ಪ್ರಶ್ನೆಯು ಇಂದು ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯ ಒಕ್ಕಲಿಗನ ಬಾಗಿಲಿಗೆ ಬಂದು ನಿಂತಿದೆ. ಗಾಳಿ ಮತ್ತು ಬಿಸಿಲುಗಳೆರಡನ್ನೂ ಒಂದೇ ವ್ಯವಸ್ಥೆಯಲ್ಲಿ ಕೂಡಿಸಿ ವಿದ್ಯುಚ್ಛಕ್ತಿಯನ್ನು ಪಡೆಯುವ ಕಾಲವಿದು. ಆದುದರಿಂದ ವಾಚಕರು ಇದನ್ನು ಕುರಿತು ಕೊಂಚ ಸಾವಧಾನವಾಗಿ ವಿಚಾರಿಸಬೇಕೆಂದು ಕೋರುತ್ತೇನೆ.

ಮೊದಲು ಈ ಕೂಡಿಕೆಯ ಮರ್ಮವನ್ನು ತಿಳಿಯೋಣ. ನಮ್ಮ ಬಯಲುಸೀಮೆಯಲ್ಲಿ ಫೆಬ್ರುವರಿಯಿಂದ ಮೇ ತಿಂಗಳವರೆಗೆ ಬಿಸಿಲು ಪ್ರಖರವಾಗಿರುತ್ತದೆ, ಗಾಳಿ ಮಂದವಾಗಿರುತ್ತದೆ. ಜೂನ್ ತಿಂಗಳಲ್ಲಿ ಮೋಡ ಕವಿದು ಬಿಸಿಲು ಕುಗ್ಗುತ್ತದೆ. ಆಗ ನೈಋತ್ಯದ ಗಾಳಿ ಭರದಿಂದ ಬೀಸುತ್ತದೆ. ಗಾಳಿಯ ವೇಗವು ಎರಡರಷ್ಟಾದರೆ ಅದರ ಶಕ್ತಿಯು ಎಂಟರಷ್ಟಾಗುತ್ತದೆ. ವೇಗವು ಅರ್ಧಕ್ಕಿಳಿದರೆ ಶಕ್ತಿಯು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಸೌರಫಲಕವಾದರೋ ಸೂರ್ಯಾಸ್ತದೊಡನೆ ಸುಮ್ಮನಾಗುತ್ತದೆ. ಅತಿಯಾಗಿ ಕಾದರೆ ಅದರ ಸಾಮರ್ಥ್ಯವೂ ತುಸು ತಗ್ಗುತ್ತದೆ. ಹೀಗೆ ಎರಡೂ ಅಪೂರ್ಣ. ಆದರೆ ಒಂದರ ಕೊರತೆಯ ಹೊತ್ತು ಬಹುಮಟ್ಟಿಗೆ ಇನ್ನೊಂದರ ಸಮೃದ್ಧಿಯ ಹೊತ್ತಾಗಿದೆ. ಎರಡಕ್ಕೂ ಒಂದೇ ಉಪಕೇಂದ್ರ, ಒಂದೇ ತಂತಿಮಾರ್ಗ ಸಾಕಾಗುವುದರಿಂದ ರಾತ್ರಿಯ ಹೊತ್ತು ಬರಿದೆ ನಿಲ್ಲಬೇಕಾದ ತಂತಿಯೂ ಕೆಲಸಕ್ಕೆ ಬರುತ್ತದೆ. ಗಾಳಿಯೂ ಇಲ್ಲದ ರಾತ್ರಿಗಳು ಉಂಟು. ಅಂಥ ವೇಳೆಗೆ ಬ್ಯಾಟರಿಯನ್ನೋ ಬೇರೆ ಮೂಲವನ್ನೋ ಆಶ್ರಯಿಸಬೇಕು.

ಕೇಂದ್ರ ಸರಕಾರವು 2018ರ ಮೇ 14ರಂದು ಈ ಬಗೆಯ ಕೂಡುವ್ಯವಸ್ಥೆಗೆಂದೇ ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಎರಡರಲ್ಲಿ ಒಂದರ ಸಾಮರ್ಥ್ಯವು ಇನ್ನೊಂದರ ಸಾಮರ್ಥ್ಯದ ಶೇಕಡಾ 25ರಷ್ಟಾದರೂ ಇರಬೇಕೆಂಬುದು ಅದರ ನಿಯಮ. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಕವಿತಾಳದಲ್ಲಿ ಅದೇ ವರ್ಷ 50 ಮೆಗಾವಾಟ್ ಗಾಳಿಯಂತ್ರಗಳೊಡನೆ 28.8 ಮೆಗಾವಾಟ್ ಸೌರಫಲಕಗಳನ್ನು ಕೂಡಿಸಲಾಯಿತು. ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಇಂಥ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಯಂತ್ರವು ಹೊಸದಾದರೂ ಈ ಕೂಡಿಕೆಯು ನಮ್ಮವರಿಗೆ ಹೊಸದಲ್ಲ. ತಿಕೋಟಾ ಭಾಗದಲ್ಲಿ ದ್ರಾಕ್ಷಿಯು ಒಣದ್ರಾಕ್ಷಿಯಾಗುವುದು ಹೇಗೆ? ನಾಲ್ಕೂ ಕಡೆ ತೆರೆದ ಶೆಡ್ಡುಗಳಲ್ಲಿ, ಬಲೆಯ ಅಟ್ಟಣೆಗಳ ಮೇಲೆ, ಬೇಸಗೆಯ ಕಾವೂ ಒಣಗಾಳಿಯೂ ಕೂಡಿ ಅದನ್ನು ಒಣಗಿಸುತ್ತವೆ. ಜೋಳದ ಕಣವನ್ನು ನೆನೆಯಿರಿ. ತೆನೆಯನ್ನು ಒಣಗಿಸಿದ್ದು ಬಿಸಿಲು. ತೂರಿದಾಗ ಹೊಟ್ಟನ್ನು ಬೇರ್ಪಡಿಸಿದ್ದು ಗಾಳಿ. ಎರಡೂ ಹಣ ಕೇಳಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ತೂರಿಕೊಂಡ ಮೇಲೆ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಕಣವೇ ಕಲಿಸುತ್ತಿತ್ತು. ರಾಶಿಯು ಮನೆಗೆ ಹೋಗುವ ಮುನ್ನ ಬಡಿಗ, ಕಮ್ಮಾರ ಮೊದಲಾದ ಆಯಗಾರರ ಪಾಲನ್ನು ಅಲ್ಲಿಯೇ ಅಳೆದು ಕೊಡುತ್ತಿದ್ದರು. ಆ ಪದ್ಧತಿಯು ಮನುಷ್ಯನನ್ನು ಹುಟ್ಟಿಗೆ ಕಟ್ಟಿಹಾಕಿತ್ತು. ಅದು ಮರಳಿ ಬರಬೇಕೆಂದು ಯಾವ ವಿಚಾರವಂತನೂ ಬಯಸಲಾರ. ಆದರೆ ಅದರಲ್ಲಿದ್ದ ಒಂದು ಕ್ರಮವು ಮಾತ್ರ ಗಮನಾರ್ಹ: ಇತರರ ಪಾಲನ್ನು ಕಣದಲ್ಲಿಯೇ ಲೆಕ್ಕ ಹಾಕಬೇಕು, ಮನೆಗೆ ಒಯ್ದ ಮೇಲೆ ಉಳಿದರೆ ಕೊಡೋಣ ಎನ್ನಬಾರದು.

ಈಗಿನ ಕಣವನ್ನು ನೋಡೋಣ. ಗಾಳಿಯಂತ್ರವು ಬುಡಕ್ಕೆ ಸ್ವಲ್ಪ ಜಾಗ, ದಾರಿಗೆ ಸ್ವಲ್ಪ ಜಾಗ ಬೇಡುತ್ತದೆ. ನಡುವಿನ ಭೂಮಿಯಲ್ಲಿ ಜೋಳ, ಕಡಲೆ, ತೊಗರಿಗಳನ್ನು ಎಂದಿನಂತೆ ಬೆಳೆಯಬಹುದು. ಸೌರಫಲಕವು ಹಾಗಲ್ಲ. ಒಂದು ಮೆಗಾವಾಟಿಗೆ ಸುಮಾರು ನಾಲ್ಕೈದು ಎಕರೆ ನೆಲ ಬೇಕು, ಆ ನೆಲದಲ್ಲಿ ಬೇಸಾಯವು ಸಾಮಾನ್ಯವಾಗಿ ನಿಂತುಹೋಗುತ್ತದೆ. ಎಂದಮೇಲೆ ಎರಡೂ ಕೂಡಿದಲ್ಲಿ ಗಾಳಿಯು ಉಳಿಸಿದ ಬೇಸಾಯವನ್ನು ಬಿಸಿಲು ಕಳೆಯುವ ಸಂಭವವುಂಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವು ತಲೆಯೆತ್ತಿತು. ಅಲ್ಲಿ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದು ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಸುವ ಏರ್ಪಾಡು ಮಾಡಿದರು. ರೈತನ ಹೆಸರಿನಲ್ಲಿಯೇ ಭೂಮಿ ಉಳಿಯಿತೆಂಬುದು ಮೆಚ್ಚತಕ್ಕ ಸಂಗತಿ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ಬೆಳೆ ಕೊಯ್ದು ಜೀವಿಸುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಪತ್ರವಿಲ್ಲ, ಬಾಡಿಗೆಯೂ ಇಲ್ಲ. ಒಡೆಯನಿಗೆ ಹೊಲ ಉಳಿಯಿತು, ಅವರಿಗೆ ಕಾಯಕ ಹೋಯಿತು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಜಿಲ್ಲೆಯ ಕೂಡಗಿಯಲ್ಲಿಯೇ 2,400 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರವಿದೆ. ಅದಕ್ಕೆ ದೂರದಿಂದ ಕಲ್ಲಿದ್ದಲು ಬರಬೇಕು, ಆಲಮಟ್ಟಿಯಿಂದ ನೀರು ಬರಬೇಕು, ಬೂದಿಗೆ ಜಾಗ ಬೇಕು. ಗಾಳಿ ಬಿಸಿಲುಗಳಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಕೃಷ್ಣೆಯ ನೀರನ್ನು ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ಬರದ ನಾಡಿಗೆ ಎತ್ತುವುದಕ್ಕೂ ವಿದ್ಯುತ್ತೇ ಬೇಕು. ಹೀಗಿರುವಾಗ ಹೊಸ ವ್ಯವಸ್ಥೆಯ ಮೇಲೆ ಷರತ್ತುಗಳನ್ನು ಹೇರಿದರೆ ಕಲ್ಲಿದ್ದಲಿಗೇ ನೆರವಾದಂತಾಗುವುದಿಲ್ಲವೇ? ಅಲ್ಲದೆ ಭೂಮಿ ಕೊಟ್ಟವನು ರೈತ, ಬಂಡವಾಳ ಹೂಡಿದವನು ಉದ್ಯಮಿ, ಕೂಲಿಯವನು ಕೊಟ್ಟದ್ದೇನು?

ಉತ್ತರವಾಗಿ ಹೀಗೆ ವಿಚಾರಿಸಿರಿ. ರೈತನ ಬಾಡಿಗೆಯು ನೆಲಕ್ಕೆ ಸಂದ ಬೆಲೆ. ಉದ್ಯಮಿಯ ಲಾಭವು ಬಂಡವಾಳಕ್ಕೂ ಸಾಹಸಕ್ಕೂ ಸಂದ ಬೆಲೆ. ಇವೆರಡೂ ನ್ಯಾಯವೇ. ಆದರೆ ಗಾಳಿಯನ್ನು ರೈತನು ಬಿತ್ತಲಿಲ್ಲ, ಬಿಸಿಲನ್ನು ಉದ್ಯಮಿಯು ಕೊಳ್ಳಲಿಲ್ಲ. ಆ ಅಂಶದಲ್ಲಿ ಒಡೆಯನೂ ಕೂಲಿಯವನೂ ಸಮಾನರು. ಎರಡು ಮೂಲಗಳು ಒಂದೇ ತಂತಿಯನ್ನು ಹಂಚಿಕೊಂಡುದರಿಂದ ಉಳಿಯುವ ಹಣವುಂಟಷ್ಟೆ? ಅದರ ಒಂದಂಶವು ಊರಿನ ಭೂಹೀನರಿಗೆ ಸಂದರೆ ಉದ್ಯಮವು ಮುಳುಗಲಾರದು, ಕಲ್ಲಿದ್ದಲೂ ಗೆಲ್ಲಲಾರದು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕು. ಅದರಿಂದ ಶಾಲೆಗೆ ಕೊಠಡಿ ಬಂದೀತು, ಊರಿಗೆ ನೀರಿನ ಟಾಕಿ ಬಂದೀತು, ಒಳ್ಳೆಯದೇ. ಆದರೆ ಅದು ರಾಶಿ ಮನೆಗೆ ಹೋದ ಮೇಲಿನ ದಾನ. ಯಾವ ಊರಿಗೆ, ಎಷ್ಟು ಎಂಬುದು ಕೊಡುವವನ ಇಷ್ಟ. ಆಯವಾದರೋ ಹಕ್ಕು. ದಾನವನ್ನು ಪಡೆಯುವವನು ತಲೆತಗ್ಗಿಸಿ ನಿಲ್ಲುತ್ತಾನೆ, ಪಾಲನ್ನು ಪಡೆಯುವವನು ತಲೆಯೆತ್ತಿ ನಿಲ್ಲುತ್ತಾನೆ.

ಮಠದ ನೆರಳಿನಲ್ಲಿ ಓದಿದ ತಮ್ಮಲ್ಲಿ ಹಲವರು ಇಂದು ಹೊಲದ ಒಡೆಯರಾಗಿರುವಿರಿ, ಪಂಚಾಯಿತಿಯ ಸದಸ್ಯರಾಗಿರುವಿರಿ, ವಕೀಲರೋ ಇಂಜಿನಿಯರರೋ ಆಗಿರುವಿರಿ. ಪ್ರಸಾದದ ಪಂಕ್ತಿಯಲ್ಲಿ ಒಡೆಯನ ಮಗನೂ ಆಳಿನ ಮಗನೂ ಒತ್ತಿನಲ್ಲಿ ಕುಳಿತು ಉಂಡುದನ್ನು ತಾವು ಬಲ್ಲಿರಿ. ಗುತ್ತಿಗೆಯ ಕರಾರು ತಮ್ಮ ಮುಂದೆ ಬಂದಾಗ ರುಜು ಮಾಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿರಿ. ಎರೆಭೂಮಿಯನ್ನು ಬಿಟ್ಟು ಮಡ್ಡಿಯ ಭೂಮಿಯನ್ನು ಆರಿಸಬಹುದೇ? ಇಂದು ಮಡ್ಡಿಯಾಗಿರುವ ಹೊಲಕ್ಕೆ ನಾಳೆ ಕಾಲುವೆಯ ನೀರು ಬಂದರೆ, ದೀರ್ಘ ಅವಧಿಗೆ ಬರೆದುಕೊಟ್ಟ ಕರಾರು ಮೊಮ್ಮಕ್ಕಳ ಕೈ ಕಟ್ಟುವುದೇ? ಫಲಕಗಳ ಧೂಳನ್ನು ತೊಳೆಯುವ ನೀರು ಎಲ್ಲಿಂದ ಬರುತ್ತದೆ, ಅದು ಜನರ ಕೊಡದಿಂದ ಕಸಿದದ್ದಲ್ಲವಷ್ಟೆ? ಅವಧಿ ಮುಗಿದ ಮೇಲೆ ಯಂತ್ರಗಳನ್ನು ಕಿತ್ತು ನೆಲವನ್ನು ಹಸನು ಮಾಡುವ ಹೊಣೆ ಯಾರದು? ಎಲ್ಲಕ್ಕೂ ಮಿಗಿಲಾಗಿ, ಆ ಹೊಲದಲ್ಲಿ ದುಡಿಯುತ್ತಿದ್ದ ಮನೆಗಳ ಹೆಸರು, ಅವರಿಗೆ ಕೊಡುವ ಕೆಲಸ, ಕಲಿಸುವ ವಿದ್ಯೆ, ಸಲ್ಲಿಸುವ ಪಾಲು ಕರಾರಿನಲ್ಲಿ ಬರೆಯಲ್ಪಟ್ಟಿವೆಯೇ? ಅಲ್ಲಿ ಬರೆಯದಿದ್ದರೆ, ತಮಗೆ ಬರುವ ಬಾಡಿಗೆಯಲ್ಲಿ ಮೊದಲ ಪಾಲನ್ನು ತಾವೇ ತೆಗೆದಿಡಲು ಸಿದ್ಧರಿದ್ದೀರಾ? ಉದ್ಯಮಿಯನ್ನು ಪ್ರಶ್ನಿಸುವುದು ಸುಲಭ. ಈ ಕೊನೆಯ ಪ್ರಶ್ನೆಯು ನಮ್ಮನ್ನೇ ಅಳೆಯುತ್ತದೆ.

ಗಾಳಿಯು ಹೊಲದ ಬದುವನ್ನು ನೋಡಿ ಬೀಸುವುದಿಲ್ಲ. ಬಿಸಿಲು ಪಹಣಿ ನೋಡಿ ಬೀಳುವುದಿಲ್ಲ. ಅವೆರಡನ್ನೂ ಒಂದೇ ತಂತಿಯಲ್ಲಿ ಕೂಡಿಸುವ ವಿದ್ಯೆಯನ್ನು ಮನುಷ್ಯನು ಕಲಿತನು. ಆ ತಂತಿಯ ಕೆಳಗೆ ಬದುಕುವವರನ್ನು ಒಂದೇ ಲೆಕ್ಕದಲ್ಲಿ ಕೂಡಿಸುವ ವಿದ್ಯೆಯನ್ನು ಯಾವ ಕಂಪನಿಯೂ ಮಾರುವುದಿಲ್ಲ. ಅದನ್ನು ಕರಾರಿಗೆ ರುಜು ಹಾಕುವ ಕೈಯೇ ಕಲಿಯಬೇಕು.