ಹಿಡಿದು ಬಿಟ್ಟ ಮೀನು

ನಮ್ಮ ಊರಿನ ಬಸದಿಯ ಟ್ರಸ್ಟಿಗೆ ಈಚೆಗೆ ಒಂದು ಅರ್ಜಿ ಬಂದಿತು. ಗಾಳ ಹಾಕುವ ಹವ್ಯಾಸಿಗಳ ಸಂಘವೊಂದು ನಮ್ಮ ಸಮುದಾಯ ಭವನದ ಹಿಂದಿನ ಹುಲ್ಲುಬಯಲನ್ನು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆಗಳ ಕಾಲ ಬಾಡಿಗೆಗೆ ಕೇಳಿತ್ತು. ಹೊಸದಾಗಿ ಸೇರಿದ ಸದಸ್ಯರಿಗೆ ‘ಫ್ಲೈ ಫಿಶಿಂಗ್’ ಎಂಬ ವಿದ್ಯೆಯ ಮೊದಲ ಪಾಠವನ್ನು ಅಲ್ಲಿ ಹೇಳಿಕೊಡುವುದು ಅವರ ಉದ್ದೇಶ. ನೀರಿಲ್ಲ, ಮೀನಿಲ್ಲ, ಕೊಕ್ಕೆಯೂ ಇಲ್ಲ. ದಾರದ ತುದಿಗೆ ಬಣ್ಣದ ಉಣ್ಣೆಯ ಎಳೆಯೊಂದನ್ನು ಕಟ್ಟಿ ಕೋಲು ಬೀಸುವುದನ್ನಷ್ಟೇ ಕಲಿಯುತ್ತಾರಂತೆ. ಬಾಡಿಗೆಯಲ್ಲದೆ ದಶಲಕ್ಷಣ ಪರ್ವದ ಅನ್ನದಾನಕ್ಕೆ ಒಂದು ಮೊತ್ತವನ್ನೂ ಕೊಡುವುದಾಗಿ ಬರೆದಿದ್ದರು.

ಸಭೆಯಲ್ಲಿ ಒಬ್ಬರು, “ಉಣ್ಣೆ ಬೀಸಿದರೆ ಯಾವ ಜೀವಕ್ಕೆ ಹಾನಿ?” ಎಂದರು. ಇನ್ನೊಬ್ಬರು ಅರ್ಜಿಯನ್ನು ಓದಿದ್ದೇ ತಪ್ಪು ಎಂಬಂತೆ ಎದ್ದು ನಿಂತರು. ನಾನು ಮುಂದಿನ ಸಭೆಯವರೆಗೆ ಕಾಲಾವಕಾಶ ಕೇಳಿದೆ. ಹಾಗೆ ಕೇಳಿದ್ದಕ್ಕೆ ಒಂದು ಕಾರಣವನ್ನು ಆ ದಿನ ಹೇಳಲಿಲ್ಲ, ಇಲ್ಲಿ ಹೇಳಬೇಕು. ಆ ಸಂಘದ ಸದಸ್ಯರಲ್ಲಿ ನನ್ನ ಮಗಳ ಮಗನೂ ಒಬ್ಬ.

ಮೊದಲು ಈ ವಿದ್ಯೆ ಏನೆಂಬುದನ್ನು ತಿಳಿಯಬೇಕು. ತಿಳಿಯದೆ ಖಂಡಿಸುವುದು ಅನೇಕಾಂತವನ್ನು ನಂಬಿದವರಿಗೆ ಶೋಭೆಯಲ್ಲ. ನಾವು ಹೊಳೆದಂಡೆಯಲ್ಲಿ ಕಾಣುವ ಗಾಳದಲ್ಲಿ ಎರೆಹುಳುವೋ ಹಿಟ್ಟಿನುಂಡೆಯೋ ಇರುತ್ತದೆ. ಅದರ ಮತ್ತು ಸೀಸದ ಭಾರವೇ ದಾರವನ್ನು ನೀರಿಗೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಎರೆ ಎಂಬುದು ಒಂದು ಕೃತಕ ನೊಣ. ಅದಕ್ಕೆ ಭಾರವೇ ಇಲ್ಲ. ಆದ್ದರಿಂದ ದಾರವನ್ನೇ ಭಾರವಾಗಿ ಮಾಡಿ, ಸುಮಾರು ಒಂಬತ್ತು ಅಡಿಯ ಬಳುಕುವ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ನೊಣವು ತಾನೇ ಹಾರಿಬಂದು ನೀರಿನ ಮೇಲೆ ಕುಳಿತಂತೆ ಇಳಿಸಬೇಕು. ಇದಕ್ಕೆ ಬಹಳ ಅಭ್ಯಾಸ ಬೇಕು, ಅದಕ್ಕಾಗಿಯೇ ಹುಲ್ಲುಬಯಲು. ಮೀನು ನೊಣವನ್ನು ನುಂಗಲು ಬಂದಾಗ ಕೊಕ್ಕೆ ಅದರ ತುಟಿಗೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಎರೆಯಂತೆ ಗಂಟಲಿಗೆ ಇಳಿಯುವುದು ಕಡಿಮೆ. ಅದನ್ನು ದಡಕ್ಕೆ ತಂದು, ಒದ್ದೆ ಕೈಯಿಂದ ಹಿಡಿದು, ಒಂದು ಛಾಯಾಚಿತ್ರ ತೆಗೆದು ಮತ್ತೆ ನೀರಿಗೆ ಬಿಡುತ್ತಾರೆ. ನಮ್ಮ ಹುಡುಗನ ಸಂಘದಲ್ಲಿ ಹಿಂಬದಿಯ ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕೆಂಬ ನಿಯಮವಿದೆ. ಮೀನನ್ನು ಮನೆಗೊಯ್ದವರನ್ನು ಸಂಘದಿಂದ ತೆಗೆದುಹಾಕುತ್ತಾರಂತೆ.

ನಮ್ಮ ನಾಡಿಗೆ ಈ ಹವ್ಯಾಸ ಬಂದದ್ದು ಇಂಗ್ಲಿಷರ ಕಾಲದಲ್ಲಿ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದಲ್ಲಿ ಗಾಳ ಹಾಕುವುದನ್ನು ಕುರಿತು 1873ರಲ್ಲಿಯೇ ಪುಸ್ತಕವೊಂದನ್ನು ಪ್ರಕಟಿಸಿದ್ದ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಪಿಲಾ ನದಿಯಲ್ಲಿ 120 ಪೌಂಡು ತೂಕದ ಮಹಶೀರ್ ಮೀನನ್ನು ಹಿಡಿದದ್ದು ಇಂದಿಗೂ ದಾಖಲೆಯೆಂದು ಹೇಳುತ್ತಾರೆ. ಆಗ ಹಿಡಿದದ್ದನ್ನು ಕೊಲ್ಲುವುದೇ ಪದ್ಧತಿ. ಇಂದು ಬಿಡುವುದು ಪದ್ಧತಿಯಾಗಿದೆ. ಈ ಬದಲಾವಣೆಯನ್ನು ನಾವು ಸಣ್ಣದೆಂದು ಎಣಿಸಬಾರದು.

ಹುಡುಗನೊಡನೆ ಒಂದು ಸಂಜೆ ಕುಳಿತು ಮಾತನಾಡಿದೆ. ಅವನ ವಾದಗಳು ಹೀಗಿದ್ದವು. “ತಾತ, ನಾವು ಕೊಲ್ಲುವುದಿಲ್ಲವಲ್ಲ. ಪ್ರಾಣಹಾನಿಯಿಲ್ಲದ ಮೇಲೆ ಹಿಂಸೆಯೆಲ್ಲಿ ಬಂತು? ಮೀನಿಗೆ ನಮ್ಮಂತೆ ನೋವಾಗುವುದೂ ಇಲ್ಲವಂತೆ. ಅಲ್ಲದೆ ನದಿಯನ್ನು ಕಾಯುವವರು ನಾವೇ.” ಸ್ವಲ್ಪ ತಡೆದು, “ನೀವೇ ಹೇಳಿದ ಮೃಗಸೇನನ ಕಥೆಯಲ್ಲಿ ಅವನು ಮಾಡಿದ್ದೂ ಇದನ್ನೇ ಅಲ್ಲವೆ?” ಎಂದ. ಕೊನೆಯ ಮಾತಿಗೆ ನಾನು ಆ ಕ್ಷಣ ನಿರುತ್ತರನಾದೆನೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ವಾದಕ್ಕೆ ಉತ್ತರ ಕಷ್ಟವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧ ಎಂದರೆ ಕೊಲೆಯಲ್ಲ, ಹೊಡೆಯುವುದು. ಕೊಂದರೆ ಅದು ಅತಿಚಾರವಲ್ಲ, ವ್ರತಭಂಗವೇ. ಅಂದರೆ ಈ ಐದೂ ಪ್ರಾಣಿ ಬದುಕಿ ಉಳಿದಿರುವಾಗಲೇ ಆಗುವ ದೋಷಗಳು. ಆಚಾರ್ಯರ ಕಣ್ಣೆದುರು ಇದ್ದದ್ದು ಎತ್ತು, ಕುದುರೆ, ಆಳುಕಾಳು. ಆದರೂ ಈ ಪಟ್ಟಿಯನ್ನು ಗಾಳದ ಮೀನಿನ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ದಾರದಲ್ಲಿ ಸಿಕ್ಕಿಸುವುದು ಬಂಧ. ತುಟಿಯನ್ನು ಚುಚ್ಚುವುದು ಛೇದ. ನೀರಿನಿಂದ ಮೇಲೆತ್ತುವುದಂತೂ ಅನ್ನಪಾನನಿರೋಧಕ್ಕಿಂತ ಕಠಿಣ, ಏಕೆಂದರೆ ಮೀನಿಗೆ ನೀರು ಪಾನವಷ್ಟೇ ಅಲ್ಲ, ಶ್ವಾಸವೂ ಹೌದು. ಬಿಟ್ಟ ಮೀನುಗಳೆಲ್ಲ ಬದುಕುತ್ತವೆ ಎಂಬುದೂ ಪೂರ್ಣ ಸತ್ಯವಲ್ಲ. 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಇಂತಹ 274 ಅಂದಾಜುಗಳನ್ನು ಒಟ್ಟುಗೂಡಿಸಿ, ಸರಾಸರಿ ನೂರಕ್ಕೆ 18 ಮೀನುಗಳು ಬಿಟ್ಟ ನಂತರ ಸಾಯುತ್ತವೆಂದು ಲೆಕ್ಕ ಹಾಕಿತು. ಮೀನಿನ ಜಾತಿ, ನೀರಿನ ಬಿಸಿ, ಕೊಕ್ಕೆ ಸಿಕ್ಕಿದ ಜಾಗ ಇವುಗಳಿಗೆ ತಕ್ಕಂತೆ ಈ ಸಂಖ್ಯೆ ಬಹಳ ಏರಿಳಿಯುತ್ತದೆ; ನೊಣದ ಗಾಳದಲ್ಲಿ ಕಡಿಮೆಯೇ ಇರಬಹುದು. ವ್ಯಾಪಾರಿಯಾದ ನನಗೆ ಸರಾಸರಿಯ ಮಿತಿ ತಿಳಿದಿದೆ. ಆದರೆ ನಷ್ಟವೇ ಇಲ್ಲವೆಂದು ಬರೆದ ಲೆಕ್ಕವನ್ನು ನಾನು ಒಪ್ಪಲಾರೆ.

ನೋವಿನ ವಿಷಯ. ಮೀನಿನ ಮೆದುಳಿನಲ್ಲಿ ನಮ್ಮಲ್ಲಿರುವಂತಹ ಹೊರಪದರವಿಲ್ಲ, ಆದ್ದರಿಂದ ನೋವಿನ ಅರಿವಿಲ್ಲ ಎಂದು ವಾದಿಸುವ ವಿಜ್ಞಾನಿಗಳು ಇದ್ದಾರೆ. ಆದರೆ 2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವನ್ನು ಗ್ರಹಿಸುವ ನರತುದಿಗಳನ್ನು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಆ ಮೀನುಗಳು ತುಟಿಯನ್ನು ತಳದ ಜಲ್ಲಿಗೆ ಉಜ್ಜಿಕೊಂಡವಂತೆ. ಪ್ರಯೋಗವೇ ಒಂದು ಹಿಂಸೆಯಾಗಿತ್ತು ಎಂಬುದು ಬೇರೆ ಮಾತು. ನಮ್ಮ ಆಗಮವು ಮೀನನ್ನು ಪಂಚೇಂದ್ರಿಯ ಜೀವವೆಂದು ಎಂದೋ ಹೇಳಿದೆ. ನಮಗೆ ಈ ಸಾಕ್ಷಿ ಬೇಕಾಗಿರಲಿಲ್ಲ. ಹುಡುಗರಿಗೆ ಬೇಕು, ಆದ್ದರಿಂದ ಹೇಳಿದೆ.

ಇನ್ನು ಪರಿಣಾಮದ, ಅಂದರೆ ಭಾವದ ಪ್ರಶ್ನೆ. ಸೋಮದೇವಸೂರಿಗಳು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಧೀವರ ಮತ್ತು ಕರ್ಷಕರ ಪ್ರಸಿದ್ಧ ದೃಷ್ಟಾಂತವಿದೆ. ಬೆಸ್ತನಿಗೆ ಒಂದು ಮೀನೂ ಸಿಗದಿದ್ದರೂ ಅವನ ಭಾವ ಹಿಂಸೆಯದು. ನೇಗಿಲ ಕೆಳಗೆ ಜೀವಗಳು ಸತ್ತರೂ ರೈತನ ಭಾವ ಅದಲ್ಲ. ಹುಡುಗ ಇದನ್ನು ಕೇಳಿ, “ಹಾಗಾದರೆ ನನ್ನ ಭಾವವೂ ಕೊಲ್ಲುವುದಲ್ಲವಲ್ಲ” ಎಂದ. ನಿಜ. ಆದರೆ ಚುಚ್ಚುವ ಭಾವ ಇದ್ದೇ ಇದೆ. ರೈತನಿಗೆ ಹುಳುವಿಲ್ಲದ ಹೊಲ ಸಿಕ್ಕರೆ ಸಂತೋಷ. ಗಾಳಗಾರನಿಗೆ ಮೀನಿಲ್ಲದ ಹೊಳೆ ಸಿಕ್ಕರೆ ಆ ಭಾನುವಾರ ವ್ಯರ್ಥ. ಮೀನು ಸಿಕ್ಕಿಕೊಂಡು ಒದ್ದಾಡುವ ಆ ಎಳೆತವೇ ಇಲ್ಲಿ ಬಯಸಿದ ಫಲ. ಬೇರೆ ಪ್ರಯೋಜನವಿಲ್ಲದ್ದರಿಂದ ಇದನ್ನು ಅನರ್ಥದಂಡವೆಂದೇ ಎಣಿಸಬೇಕು. ಕುತೂಹಲದ ಸಂಗತಿಯೆಂದರೆ, ಸ್ವಿಟ್ಜರ್ಲೆಂಡಿನಲ್ಲಿ 2008ರಲ್ಲಿ ಜಾರಿಗೆ ಬಂದ ಪ್ರಾಣಿಸಂರಕ್ಷಣಾ ನಿಯಮಾವಳಿಯು ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ತಿನ್ನಲು ಹಿಡಿಯಬಹುದು, ಆಟಕ್ಕೆ ಹಿಡಿಯಬಾರದು. ತಿನ್ನುವುದನ್ನು ನಾವು ಒಪ್ಪಲಾರೆವು. ಆದರೂ ನಿಷ್ಪ್ರಯೋಜಕವಾದ ನೋವೇ ಒಂದು ಸ್ವತಂತ್ರ ದೋಷವೆಂಬುದನ್ನು ಮಾಂಸಾಹಾರಿಗಳ ದೇಶದ ಕಾನೂನೂ ಗುರುತಿಸಿದೆ.

ಮತ್ತೊಂದು ಮಾತು ಮಾಯೆಯದು. ಆ ನೊಣವನ್ನು ಹುಡುಗ ನನ್ನ ಅಂಗೈಯಲ್ಲಿಟ್ಟಾಗ ನಿಜಕ್ಕೂ ಬೆರಗಾದೆ. ಅಷ್ಟು ಸೂಕ್ಷ್ಮವಾದ ಕೆಲಸ. ಯಾವುದರಿಂದ ಮಾಡಿದ್ದೆಂದು ಕೇಳಿದೆ. ಹುಂಜದ ಕೊರಳ ಗರಿ, ಮೊಲದ ಕೂದಲು ಎಂದ. ಆ ಗರಿಗಾಗಿಯೇ ಹುಂಜಗಳನ್ನು ಸಾಕಿ ಕೊಲ್ಲುವವರು ಪರದೇಶಗಳಲ್ಲಿ ಇದ್ದಾರೆ. ನನಗೆ ಜನ್ನನ ಯಶೋಧರ ನೆನಪಾದ. ಅವನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಯಾವ ಜೀವವೂ ಸಾಯಲಿಲ್ಲ. ಆದರೂ ಸಂಕಲ್ಪ ಅವನನ್ನು ಭವಭವಗಳಲ್ಲಿ ಅಲೆಸಿತು. ಅವುಗಳಲ್ಲೊಂದರಲ್ಲಿ ಮೀನಾಗಿಯೇ ಹುಟ್ಟಿ ಮನುಷ್ಯರ ಕೈಗೆ ಸಿಕ್ಕಿದ. ಅಲ್ಲಿ ಹಿಟ್ಟಿನ ಕೋಳಿ, ಇಲ್ಲಿ ಕೋಳಿಯ ಗರಿಯಿಂದ ಮಾಡಿದ ನೊಣ. ಹಸಿದ ಜೀವಿಗೆ ಆಹಾರವನ್ನು ತೋರಿಸಿ ಕಬ್ಬಿಣವನ್ನು ಕೊಡುವುದು ಕಷಾಯವಲ್ಲದೆ ಮತ್ತೇನು?

ನದಿಯನ್ನು ಕಾಯುವ ವಾದ ಮಾತ್ರ ಗಟ್ಟಿಯಾದದ್ದು. ಇದನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ಮೇಕೆದಾಟಿನ ಸುತ್ತಣ ಕಾವೇರಿಯಲ್ಲಿ ಸಿಡಿಮದ್ದು ಹಾಕಿ ಮೀನುಗಳನ್ನು ರಾಶಿರಾಶಿಯಾಗಿ ಕೊಲ್ಲುತ್ತಿದ್ದ ಕಾಲದಲ್ಲಿ, 1972ರಲ್ಲಿ ಆರಂಭವಾದ ದಕ್ಷಿಣ ಭಾರತ ವನ್ಯಜೀವಿ ಸಂಘದಂತಹ ಗಾಳಗಾರರ ಸಂಸ್ಥೆಗಳು ನದಿಯ ಭಾಗಗಳನ್ನು ಗುತ್ತಿಗೆಗೆ ಪಡೆದು, ಸ್ಥಳೀಯರನ್ನೇ ಕಾವಲಿಗೆ ಇಟ್ಟು ಕಾದವು. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಲ್ಲಿ ಹಿಡಿದ ಮೀನನ್ನು ಬಿಡುವುದೇ ನಿಯಮವಾಗಿತ್ತು. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಅದು ನಿಂತಿತು. ಆದರೆ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕಪುಸ್ತಕಗಳಿಂದಲೇ, ಡುಬ್ಬದ ಮಹಶೀರ್ ಕಾವೇರಿಯಲ್ಲಿ ನಶಿಸುತ್ತಿರುವುದು ವಿಜ್ಞಾನಿಗಳಿಗೆ ಖಚಿತವಾಗಿ ತಿಳಿದದ್ದು. ಕಾವೇರಿ ನದೀವ್ಯವಸ್ಥೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಆ ಮೀನಿಗೆ ನಿಶ್ಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಕೊಕ್ಕೆಯಿಲ್ಲದೆಯೂ ನದಿಯನ್ನು ಕಾಯಬಹುದು ಎಂದು ನಾನು ಹುಡುಗನಿಗೆ ಹೇಳಿದೆ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂಬ ಭಾವವೇ ಅವನ್ನು ಕಾದಿದೆ. ಶಿಶಿಲದಲ್ಲಿ 1996ರಲ್ಲಿ ದುಷ್ಟರು ವಿಷ ಹಾಕಿ ಮೀನುಗಳನ್ನು ಕೊಂದಾಗ ಊರವರು ಅವಕ್ಕೆ ಸ್ಮಾರಕ ಕಟ್ಟಿದರು. ಹುಡುಗ ಇದನ್ನು ಒಪ್ಪಿದ. ಆಮೇಲೆ ಕೇಳಿದ: “ನಮ್ಮ ಟ್ರಸ್ಟು ಯಾವ ನದಿಗೆ ಕಾವಲುಗಾರನನ್ನು ಇಟ್ಟಿದೆ, ತಾತ?” ಗೋಶಾಲೆಗೆ, ಪಕ್ಷಿಗಳ ಆಸ್ಪತ್ರೆಗೆ ನಾವು ಧಾರಾಳವಾಗಿ ಕೊಡುತ್ತೇವೆ. ಕಣ್ಣಿಗೆ ಕಾಣದ, ಕೂಗಲಾರದ ಜೀವಿಗಾಗಿ ನಮ್ಮ ಖಾತೆಪುಸ್ತಕದಲ್ಲಿ ಒಂದು ಶೀರ್ಷಿಕೆಯೂ ಇಲ್ಲ. ಮೂವತ್ತು ವರ್ಷಗಳ ಲೆಕ್ಕಪತ್ರಗಳನ್ನು ನಾನೇ ಪರಿಶೀಲಿಸಿದವನಾದ್ದರಿಂದ ಇದನ್ನು ಹೇಳಬಲ್ಲೆ.

ಮೃಗಸೇನನ ಕಥೆಗೆ ಬರುತ್ತೇನೆ. ಅವಂತಿಯ ಆ ಬೆಸ್ತ ಮುನಿಗಳಿಂದ ಒಂದೇ ಒಂದು ವ್ರತ ಪಡೆದ: ಬಲೆಗೆ ಮೊದಲು ಬಿದ್ದ ಜೀವವನ್ನು ಬಿಡುವುದು. ಬಿದ್ದ ಮೀನಿಗೆ ಗುರುತು ಕಟ್ಟಿ ಬಿಟ್ಟ. ಐದು ಸಲವೂ ಅದೇ ಮೀನು ಬಂತು; ಐದು ಸಲವೂ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನು ಹಾವು ಕಡಿದು ಸತ್ತ. ಮುಂದಿನ ಭವದಲ್ಲಿ ಐದು ಸಲ ಮೃತ್ಯುವಿನಿಂದ ಪಾರಾದ. ನಮ್ಮ ಹುಡುಗ ಮಾಡುವುದೂ ಹಿಡಿಯುವುದು ಮತ್ತು ಬಿಡುವುದೇ. ವ್ಯತ್ಯಾಸ ಎಲ್ಲಿ?

ನನಗೆ ತೋರುವುದು ಹೀಗೆ. ಮೃಗಸೇನ ಕೊಲ್ಲುವ ಕಡೆಯಿಂದ ಬಿಡುವ ಕಡೆಗೆ ನಡೆದ. ಬಿಟ್ಟದ್ದಕ್ಕೆ ಆ ರಾತ್ರಿಯ ಊಟವನ್ನು, ಕೊನೆಗೆ ಪ್ರಾಣವನ್ನೇ ತೆತ್ತ. ಹಿಂದೆ ಮೀನನ್ನು ಕೊಂದು ತಿನ್ನುತ್ತಿದ್ದವನೊಬ್ಬ ಇಂದು ಸಂಘಕ್ಕೆ ಸೇರಿ ಬಿಡಲು ಕಲಿತರೆ ಅವನೂ ಮೃಗಸೇನನ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟವನೇ. ಅಂಥವನನ್ನು ನಾವು ಕೀಳಾಗಿ ಕಾಣಬಾರದು. ಆದರೆ ಏಳು ತಲೆಮಾರುಗಳಿಂದ ಹೊಳೆಗೆ ಕೊಕ್ಕೆ ಇಳಿಸದ ಮನೆಯ ಹುಡುಗ ಹಿಡಿಯುವುದನ್ನು ಹೊಸದಾಗಿ ಕಲಿತು ಬಿಟ್ಟರೆ, ಅವನು ಅದೇ ಮೆಟ್ಟಿಲನ್ನು ಇಳಿದಂತೆ. ಇಬ್ಬರೂ ನಿಂತಿರುವುದು ಒಂದೇ ಮೆಟ್ಟಿಲ ಮೇಲೆ, ಮುಖ ಮಾತ್ರ ಬೇರೆ ಬೇರೆ ಕಡೆಗೆ.

‘ಏಳು ತಲೆಮಾರು’ ಎಂದು ಬರೆದು ಲೇಖನಿ ನಿಂತಿತು. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಅಂಗಡಿಯ ಕಪಾಟಿನಲ್ಲಿ ಹಗ್ಗ, ಮೊಳೆಗಳ ಜೊತೆಗೆ ಗಾಳದ ಕೊಕ್ಕೆಗಳ ಪೊಟ್ಟಣಗಳೂ ಇದ್ದವು. ಹಿಂಸಾದಾನವೆಂದರೆ ಹಿಂಸೆಯ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದು. ನಾವು ಬೆಲೆ ಪಡೆದು ಕೊಟ್ಟೆವು. ಅಂಗಡಿ ನನ್ನ ಕೈಗೆ ಬಂದ ಮೇಲೂ ಕೆಲವು ವರ್ಷ ಮಾರಿದೆ. ನಿಲ್ಲಿಸಿದ್ದು ಒಬ್ಬ ಮಾತಾಜಿಯವರು ಚಾತುರ್ಮಾಸ್ಯದಲ್ಲಿ ಕೇಳಿದ ಒಂದು ಪ್ರಶ್ನೆಯಿಂದ. ಇದನ್ನು ಹುಡುಗನಿಗೂ ಹೇಳಿದ್ದೇನೆ.

ಹುಲ್ಲುಬಯಲನ್ನು ಕೊಡುವುದು ಹಿಂಸಾದಾನವಾಗುತ್ತದೆಯೆ? ಬಯಲು ಆಯುಧವಲ್ಲ, ಉಣ್ಣೆಯೂ ಅಲ್ಲ. ಆದರೆ ಅಲ್ಲಿ ಕಲಿತ ಕೈ ಮುಂದಿನ ಭಾನುವಾರ ಕೆರೆಗೆ ಹೋಗುವುದೆಂದು ಗೊತ್ತಿದ್ದೂ ಕೊಟ್ಟರೆ ನಾವು ಹೊರಗಿನವರಾಗಿ ಉಳಿಯುವುದಿಲ್ಲ. ಅನ್ನದಾನದ ಮೊತ್ತವನ್ನಂತೂ ಪಡೆಯಲೇಬಾರದು. ಆದ್ದರಿಂದ ಬಯಲನ್ನು ಕೊಡಬಾರದೆಂಬುದೇ ನನ್ನ ಅಭಿಪ್ರಾಯ. ಆದರೆ ಉತ್ತರದ ಪತ್ರದಲ್ಲಿ ತಿರಸ್ಕಾರವಿರಬಾರದು. ಅವರು ಬಿಡಲು ಕಲಿಸುತ್ತಿರುವುದನ್ನು ಗೌರವದಿಂದ ನೆನೆಯಬೇಕು. ಹಾಗೂ ಬರುವ ವರ್ಷದ ಮುಂಗಡಪತ್ರದಲ್ಲಿ, ನಮ್ಮ ಊರ ಹೊಳೆಯ ಮಡುವೊಂದಕ್ಕೆ ಕಾವಲಿಡುವ ಖರ್ಚನ್ನು ಸೇರಿಸಬೇಕೆಂದು ನಾನು ಸಭೆಯಲ್ಲಿ ಸೂಚಿಸಲಿದ್ದೇನೆ. ಮೊದಲ ವರ್ಷದ ಸಂಬಳದ ಅರ್ಧವನ್ನು ನಾನು ಕೊಡುತ್ತೇನೆ. ಕೊಕ್ಕೆಗಳ ಬಾಬತ್ತು ಎಂದು ಬರೆದುಕೊಳ್ಳಲಿ.

ಹುಡುಗ ಕಳೆದ ವಾರ ಬಂದಿದ್ದ. ಅಮೆರಿಕದಲ್ಲಿ ಕೆಲವರು ಮಾಡುವಂತೆ ತಾನೂ ಕೊಕ್ಕೆಯ ಚೂಪನ್ನೇ ಕತ್ತರಿಸಿಬಿಟ್ಟಿದ್ದೇನೆ ಎಂದು ನೊಣವೊಂದನ್ನು ತೋರಿಸಿದ. ಮೀನು ಮೇಲೆದ್ದು ಬರುತ್ತದೆ, ಬಾಯಿಗೆ ಹಾಕಿಕೊಳ್ಳುತ್ತದೆ, ಉಗಿದು ಹೋಗುತ್ತದೆ; ಅವನು ಎಣಿಸುತ್ತಾನೆ, ಅಷ್ಟೆ. “ಈಗ ಏನು ಹೇಳುತ್ತೀರಿ?” ಎಂದ. ಬಂಧವಿಲ್ಲ, ಛೇದವಿಲ್ಲ. ಮಾಯೆ ಉಳಿದಿದೆ, ಹುಂಜದ ಗರಿ ಉಳಿದಿದೆ. ಗರಿಯ ಬದಲು ನೂಲಿನಿಂದ ಕಟ್ಟಲು ಬರುತ್ತದೆಯೇ ಎಂದು ಕೇಳಿದೆ. ನೋಡುತ್ತೇನೆ ಎಂದಿದ್ದಾನೆ.