ನೆಟ್ಟ ಶಿಲುಬೆ, ಹೊತ್ತ ಶಿಲುಬೆ

ನಮ್ಮ ಸೀಮೆಯವರಿಗೆ ಬೆಟ್ಟ ಹತ್ತುವುದು ಅಪೂರ್ವವಾದ ಸಂಗತಿಯಲ್ಲ. ಹಿಂದೆ ಕಳವಾರದುರ್ಗವೆನಿಸಿ ಈಗ ಸ್ಕಂದಗಿರಿಯೆಂದು ಹೆಸರಾಗಿರುವ, ಸುಮಾರು ೧೪೫೦ ಮೀಟರು ಎತ್ತರದ ಬೆಟ್ಟವನ್ನು ತರುಣರು ಗುಂಪುಗುಂಪಾಗಿ ಏರುವರು. ಪಾಳುಬಿದ್ದ ಕೋಟೆಯ ಕಲ್ಲಿನ ಮೇಲೆ ಕುಳಿತು, ಬೆಳಗಿನ ಮೋಡಗಳನ್ನು ನೋಡಿ ಕಣ್ಣು ತಣಿದ ಮೇಲೆ ಇಳಿದುಹೋಗುವರು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಇದೇ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಮತ್ತೊಂದು ಬಗೆಯ ಆರೋಹಣವೂ ಉಂಟು. ಸೂಸೆಪಾಳ್ಯದ ಕಥೋಲಿಕ ಕ್ರೈಸ್ತರು ಸಂತ ಜೋಸೆಫರ ಹೆಸರಿನ ಗುಡ್ಡವನ್ನು ಪ್ರಾರ್ಥನೆಗಾಗಿ ಏರುತ್ತ ಬಂದವರು. ಕಣ್ಣಿನ ಸುಖಕ್ಕಾಗಿ ಏರುವವನು ಶಿಖರವನ್ನು ಮುಟ್ಟಿದೊಡನೆ ಕೃತಾರ್ಥನಾಗುವನು. ಶಿಲುಬೆಯನ್ನು ಅರಸಿ ಏರುವ ತರುಣನಿಗೆ ಅಲ್ಲಿ ದೊರೆಯಬೇಕಾದುದೇನು?

ಶಿಲುಬೆಯೆಂಬುದು ಮೊದಲು ಏನಾಗಿತ್ತೆಂಬುದನ್ನು ಮರೆತವರಿಗೆ ಅದರ ಅರ್ಥ ಹೊಳೆಯದು. ನಂದಿಬೆಟ್ಟದಲ್ಲಿ, ಟಿಪ್ಪುವಿನ ಕಾಲದಲ್ಲಿ ಅಪರಾಧಿಗಳನ್ನು ಕೆಳಕ್ಕೆ ನೂಕುತ್ತಿದ್ದರೆಂದು ಜನರು ಹೇಳುವ ಬಂಡೆಯೊಂದಿದೆ. ಆ ಬಂಡೆಯ ಆಕಾರವನ್ನು ಚಿನ್ನದಲ್ಲಿ ಮಾಡಿಸಿ ಮಗಳ ಕೊರಳಿಗೆ ತೊಡಿಸುವ ತಂದೆ ಉಂಟೆ? ರೋಮಿನ ಆಳ್ವಿಕೆಯಲ್ಲಿ ಶಿಲುಬೆ ಅಂಥದೇ ವಸ್ತು. ದಾಸರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ, ಸಭ್ಯರು ಹೆಸರೆತ್ತಲು ಹೇಸುತ್ತಿದ್ದ ಮರಣದಂಡ. ಆದಿಕಾಲದ ಕ್ರೈಸ್ತರು ಕೂಡ ಶಿಲುಬೆಗೇರಿದ ಕ್ರಿಸ್ತನನ್ನು ಚಿತ್ರಿಸಲು ಬಹುಕಾಲ ಹಿಂಜರಿದರು. ರೋಮಿನ ಸಾಂತಾ ಸಬೀನಾ ದೇವಾಲಯದ ಮರದ ಬಾಗಿಲಿನ ಮೇಲೆ ಐದನೆಯ ಶತಮಾನದಲ್ಲಿ ಕೆತ್ತಿದ ಚಿತ್ರವು ಇಂದಿಗೆ ಉಳಿದಿರುವ ಅತಿ ಹಳೆಯವುಗಳಲ್ಲಿ ಒಂದು. ಇಂದು ಅದನ್ನು ಆಭರಣವಾಗಿ ಧರಿಸುವ ತರುಣತರುಣಿಯರು ಒಮ್ಮೆಯಾದರೂ ಆ ಹಿಂಜರಿಕೆಯನ್ನು ನೆನೆಯಬಾರದೆ? ನಿರಪರಾಧಿಯೊಬ್ಬನು ದ್ವೇಷವಿಲ್ಲದೆ ಆ ಅವಮಾನವನ್ನು ಸಹಿಸಿದನೆಂಬುದೇ ಆ ಮರದ ಮಹಿಮೆ; ಮರಕ್ಕೆ ಸ್ವಂತವಾದ ಮಹಿಮೆಯಿಲ್ಲ.

ಸ್ಥಾವರ ಜಂಗಮಗಳ ಭೇದವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ನೆಟ್ಟ ಶಿಲುಬೆ ಸ್ಥಾವರ, ಹೊತ್ತ ಶಿಲುಬೆ ಜಂಗಮ. ೧೯೮೪ನೆಯ ಏಪ್ರಿಲ್ ೨೨ರಂದು ಪೋಪ್ ಎರಡನೆಯ ಜಾನ್ ಪಾಲರು ಸುಮಾರು ಹನ್ನೆರಡೂವರೆ ಅಡಿ ಎತ್ತರದ ಒಂದು ಸಾದಾ ಮರದ ಶಿಲುಬೆಯನ್ನು ತರುಣರ ಕೈಗೆ ಕೊಟ್ಟು, ಅದನ್ನು ಲೋಕದಲ್ಲೆಲ್ಲ ಹೊತ್ತು ತಿರುಗಿರೆಂದು ಕಳುಹಿಸಿದರು. ಅಂದಿನಿಂದ ಅದು ದೇಶದಿಂದ ದೇಶಕ್ಕೆ, ಹೆಗಲಿನಿಂದ ಹೆಗಲಿಗೆ ಸಾಗುತ್ತಿದೆ. ೨೦೨೪ರ ನವೆಂಬರಿನಲ್ಲಿ ಪೋರ್ಚುಗಲ್ಲಿನ ತರುಣರು ಅದನ್ನು ಕೊರಿಯದವರಿಗೆ ಒಪ್ಪಿಸಿದರು. ಆ ಮುದುಕರಾದ ಗುರುಗಳು ಅದನ್ನು ರೋಮಿನಲ್ಲಿಯೇ ಅಮೃತಶಿಲೆಯ ಪೀಠದ ಮೇಲೆ ನಿಲ್ಲಿಸಿ ಪೂಜಿಸಿರೆಂದು ಹೇಳಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಹಾಗಾದರೆ ನೆಟ್ಟ ಶಿಲುಬೆ ನಿಷ್ಪ್ರಯೋಜಕವೆ? ಸೂಸೆಪಾಳ್ಯದ ಗುಡ್ಡದ ಮೇಲಿದ್ದ ೧೫ ಶಿಲುಬೆಗಳನ್ನು, ಅದು ಸರ್ಕಾರದ ಭೂಮಿಯೆಂಬ ಕಾರಣದಿಂದ, ೨೦೨೦ನೆಯ ಸೆಪ್ಟೆಂಬರಿನಲ್ಲಿ ಅಧಿಕಾರಿಗಳು ತೆಗೆಸಿಹಾಕಿದರು. ಭೂಮಿಯ ಹಕ್ಕು ಯಾರದೆಂಬುದು ನ್ಯಾಯಸ್ಥಾನದ ವಿಷಯ. ಅದನ್ನು ಈ ಪುಟಗಳಲ್ಲಿ ತೀರ್ಮಾನಿಸಲಾಗದು. ಆದರೆ ಆ ಸಂದರ್ಭದಲ್ಲಿ ಸುಲಭವಾಗಿ ನಾಲಗೆಗೆ ಬರುವ ಒಂದು ಸಮಾಧಾನವುಂಟು: ಶಿಲುಬೆ ಹೃದಯದಲ್ಲಿದ್ದರೆ ಸಾಲದೆ, ಗುಡ್ಡದ ಮೇಲೇಕೆ ಎಂಬುದು. ತನ್ನ ಗುಡಿಯ ಒಂದು ಹೆಂಚೂ ಅಲುಗದವನು ಇನ್ನೊಬ್ಬನಿಗೆ ಈ ವೇದಾಂತವನ್ನು ಹೇಳುವುದು ನಮಗೆ ಸರಿದೋರದು. ಮನುಷ್ಯನಿಗೆ ದೇಹವಿದೆ, ಮೊಣಕಾಲಿದೆ. ಊರಲು ಒಂದು ನೆಲ ಬೇಕು. ಅಜ್ಜಿ ನಿಂತು ಅತ್ತ ಸ್ಥಳದಲ್ಲಿಯೇ ಮೊಮ್ಮಗನು ನಿಂತಾಗ ಅವನಿಗೆ ತಿಳಿಯುವುದು ಪುಸ್ತಕದಿಂದ ತಿಳಿಯದು. ಆದಕಾರಣ ಆ ಊರಿನವರ ದುಃಖ ಕೇವಲ ಮರಕಲ್ಲುಗಳ ದುಃಖವಲ್ಲ. ಆ ಮಾತನ್ನು ಹೇಳುವ ಅಧಿಕಾರ ಯಾರಿಗಾದರೂ ಇದ್ದರೆ, ಬರಿದಾದ ಗುಡ್ಡವನ್ನು ಏರಿಯೂ ಮನಸ್ಸಿನಲ್ಲಿ ಹಗೆಯನ್ನು ತುಂಬಿಕೊಳ್ಳದ ತರುಣನಿಗೆ ಮಾತ್ರ ಇದೆ.

ಹಗೆಯಿಲ್ಲದಿರುವುದೆಂದರೆ ಸುಮ್ಮನಿರುವುದೆಂದಲ್ಲ. ನಿನ್ನ ಪಾಲಿನ ಶಿಲುಬೆಯೆಂದು ಬಡವನಿಗೂ, ಗಂಡನ ಹೊಡೆತ ತಿನ್ನುವ ಹೆಣ್ಣಿಗೂ ಬೋಧಿಸಿ ಬಾಯಿ ಮುಚ್ಚಿಸಿದ ಬೋಧಕರು ಎಲ್ಲ ದೇಶಗಳಲ್ಲಿಯೂ ಇದ್ದರು. ಅದು ಶಿಲುಬೆಯನ್ನು ಹೊರುವುದಲ್ಲ, ಹೊರಿಸುವುದು. ೧೯೩೧ರ ಡಿಸೆಂಬರಿನಲ್ಲಿ ರೋಮಿಗೆ ಹೋಗಿದ್ದ ಗಾಂಧಿಯವರು ಸಿಸ್ಟೀನ್ ಪ್ರಾರ್ಥನಾಮಂದಿರದಲ್ಲಿ ಶಿಲುಬೆಗೇರಿದ ಕ್ರಿಸ್ತನ ಪ್ರತಿಮೆಯನ್ನು ಕಂಡು ಕಣ್ಣೀರು ತಂದುಕೊಂಡರು. ಆದರೆ ಹಿಂದಿರುಗಿ ಬಂದು ಅವರು ಸಾಮ್ರಾಜ್ಯಕ್ಕೆ ತಲೆಬಾಗಲಿಲ್ಲ, ೧೯೩೨ರ ಜನವರಿಯಲ್ಲಿಯೇ ಸೆರೆಮನೆಗೆ ಹೋದರು.

ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಯಾತ್ರಿಕರಾದ ತರುಣರು ಐದನೆಯದರ ಬಳಿ ತುಸು ಹೆಚ್ಚು ಹೊತ್ತು ನಿಲ್ಲಬೇಕೆಂದು ನಮಗೆ ತೋರುತ್ತದೆ. ಸಿರೇನಿನ ಸಿಮೋನನು ಶಿಷ್ಯನಲ್ಲ, ಭಕ್ತನಲ್ಲ. ಹೊರಗಿನಿಂದ ಊರಿಗೆ ಬರುತ್ತಿದ್ದ ದಾರಿಹೋಕ. ಸಿಪಾಯಿಗಳು ಅವನನ್ನು ಹಿಡಿದು ಅಪರಿಚಿತನ ಶಿಲುಬೆಯನ್ನು ಹೊರಿಸಿದರು. ನಮ್ಮ ಬಾಳಿನ ಭಾರಗಳೂ ಬಹುಮಟ್ಟಿಗೆ ಹೀಗೆಯೇ ಬರುವುವು; ಹಾಸಿಗೆ ಹಿಡಿದ ತಂದೆ, ಸಾಲದ ಮನೆ, ನೆರೆಯವನ ಅನಾಥ ಮಗು, ಯಾವುದನ್ನೂ ನಾವು ಆರಿಸಿಕೊಂಡಿರುವುದಿಲ್ಲ. ಸಿಮೋನನು ಏನೆಂದು ಗೊಣಗಿದನೊ, ಹೆಗಲಿನ ಮೇಲೆ ಮರ ಬಿದ್ದ ಮೇಲೆ ಪಕ್ಕದಲ್ಲಿ ನಡೆಯುತ್ತಿದ್ದವನ ಮುಖವನ್ನು ನೋಡಿದನೊ ಇಲ್ಲವೊ, ಶುಭಸಂದೇಶದಲ್ಲಿ ಹೇಳಿಲ್ಲ. ಮಾರ್ಕನು ಮಾತ್ರ ಅವನ ಇಬ್ಬರು ಮಕ್ಕಳ ಹೆಸರುಗಳನ್ನು, ಅಲೆಕ್ಸಾಂಡರ್ ಮತ್ತು ರೂಫನೆಂದು, ತನ್ನ ಓದುಗರಿಗೆ ಆ ಹುಡುಗರು ಪರಿಚಿತರೋ ಎಂಬಂತೆ ಬರೆದಿಟ್ಟಿದ್ದಾನೆ.